ನಾಲ್ಕು ಸಲ ಬಿಗಿ ಮಾಡಿದ ಕೋಟು

ಊರಿನ ಅರ್ಧ ಜನರ ಸೊಂಟದ ಸುತ್ತಳತೆಯನ್ನು ಬಾಯಿಪಾಠ ಹೇಳಬಲ್ಲ ಟೈಲರ್, ಸ್ವಂತ ಹೆಂಡತಿಯ ವಿಷಯದಲ್ಲಿ ಕಣ್ಣಿದ್ದೂ ಕುರುಡನಾದ. ಬೇರೆ ಯಾರೋ ಆಡಿಕೊಂಡ ಮಾತಲ್ಲ ಇದು. ಮಂಗಳವಾರದಿಂದ ಅವನೇ ತನಗೆ ತಾನು ಬೈದುಕೊಳ್ಳುತ್ತಿದ್ದ ಮಾತು. ಮಿಷನ್ನಿನ ಮುಂದೆ ಕೂತರೂ ಅದೇ, ಇಸ್ತ್ರಿಪೆಟ್ಟಿಗೆ ಹಿಡಿದರೂ ಅದೇ. ಗಿರಾಕಿಯೊಬ್ಬರ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟಿದ್ದ. ಮೂವತ್ತೈದು ವರ್ಷದ ಕಸುಬಿನಲ್ಲಿ ಅಂಥ ಎಡವಟ್ಟು ಆಗಿದ್ದು ಅದೇ ಮೊದಲು.

ಮಂಗಳವಾರ ಆಸ್ಪತ್ರೆಯಲ್ಲಿ ಹೆಂಡತಿಯನ್ನು ಪರೀಕ್ಷೆಗೆ ರಕ್ತ ಕೊಡಲು ಪಕ್ಕದ ಕೋಣೆಗೆ ಕಳಿಸಿ ಡಾಕ್ಟರು ಅವನನ್ನು ಕೂರಿಸಿಕೊಂಡರು.

"ಇವರ ತೂಕ ಯಾವಾಗಿಂದ ಇಳೀತಾ ಇದೆ? ಸುಮಾರಾಗಿ ಹೇಳಿ, ಪರವಾಗಿಲ್ಲ."

ಸುಮಾರಾಗಿ ಯಾಕೆ? ಟೈಲರ್ ಹತ್ತಿರ ಸುಮಾರು ಎನ್ನುವುದೇ ಇಲ್ಲ. ಫೆಬ್ರವರಿಯಲ್ಲಿ ಒಂದು ಇಂಚು, ಏಪ್ರಿಲ್‌ನಲ್ಲಿ ಒಂದೂವರೆ, ಆಗಸ್ಟ್‌ನಲ್ಲಿ ಎರಡು, ಅಕ್ಟೋಬರ್‌ನಲ್ಲಿ ಮತ್ತೆ ಎರಡು ಎಂದು ಪಾಠ ಒಪ್ಪಿಸಿದ. ಒಪ್ಪಿಸುವಾಗ ದನಿಯಲ್ಲಿ ಒಂದಿಷ್ಟು ಜಂಬ ಕೂಡ ಇತ್ತು, ಅದನ್ನು ನೆನೆದರೆ ಈಗ ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

"ಏಪ್ರಿಲ್‌ನಲ್ಲೇ ಕರ್ಕೊಂಡು ಬಂದಿದ್ರೆ ಆಪರೇಷನ್ ಮಾಡಬಹುದಿತ್ತು. ಈಗ ಗೆಡ್ಡೆ ಹೊಟ್ಟೆ ದಾಟಿ ಲಿವರ್‌ಗೂ ಹರಡಿದೆ. ಔಷಧಿ ಶುರು ಮಾಡೋಣ. ವಾಸಿಯಾಗತ್ತೆ ಅಂತ ಮಾತ್ರ ನಾನು ಹೇಳಲಾರೆ."

ಹೆಂಡತಿ ತೋಳಿಗೆ ಹತ್ತಿ ಒತ್ತಿಕೊಂಡು ಹೊರಗೆ ಬಂದಾಗ ಡಾಕ್ಟರು ಅವಳಿಗೆ ಹೇಳಿದ್ದು ಇಷ್ಟೇ: ಹೊಟ್ಟೆಯಲ್ಲಿ ಒಂದು ಗೆಡ್ಡೆ ಇದೆ, ಮುಂದಿನ ಸೋಮವಾರದಿಂದ ಚಿಕಿತ್ಸೆ, ಧೈರ್ಯವಾಗಿರಿ. ಉಳಿದದ್ದನ್ನು ನೀವೇ ನಿಧಾನವಾಗಿ ಹೇಳಿ ಎಂಬಂತೆ ಅವನ ಕಡೆ ನೋಡಿದರು. ಆ ಏಪ್ರಿಲ್ ಎನ್ನುವ ಮಾತು ಅಂದಿನಿಂದ ಟೈಲರ್ ಗಂಟಲಲ್ಲೇ ಕೂತಿತ್ತು. ಹೇಳಲು ಬಾಯಿ ತೆರೆದಾಗಲೆಲ್ಲ "ಟೀ ಕುಡೀತೀಯಾ?" ಎಂದು ಕೇಳಿ ಮುಗಿಸುತ್ತಿದ್ದ. ಪಾಪ, ಆಕೆ ದಿನಕ್ಕೆ ಹತ್ತು ಸಲ ಬೇಡ ಎನ್ನುತ್ತಿದ್ದಳು.

ಇದೆಲ್ಲ ಶುರುವಾದದ್ದಾದರೂ ಹೇಗೆ? ಇವನ ಸಕ್ಕರೆಯಿಂದ. ಕಳೆದ ಜನವರಿಯಲ್ಲಿ ಟೈಲರ್ ಕಾಲಿನ ಹುಣ್ಣು ತಿಂಗಳಾದರೂ ಒಣಗದೆ, ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಆಕಾಶ ಮುಟ್ಟಿತ್ತು. ಅವತ್ತೇ ಹೆಂಡತಿ ಸೊಂಟ ಕಟ್ಟಿ ನಿಂತಳು. ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಸ್ಟಾಂಪು ಒತ್ತುವಾಗ ಹೇಗೋ ಮನೆಯಲ್ಲೂ ಹಾಗೇ, ಒಂದು ಸಲ ಒತ್ತಿದರೆ ಮುಗಿಯಿತು, ಅಳಿಸುವ ಪ್ರಶ್ನೆಯೇ ಇಲ್ಲ. ಸಕ್ಕರೆ ಡಬ್ಬಿ ಮನೆ ಬಿಟ್ಟಿತು. ಕರಿದದ್ದು ಹೋಯಿತು, ಬೇಯಿಸಿದ ತರಕಾರಿ ಬಂತು. ಬೆಳಿಗ್ಗೆ ಆರಕ್ಕೆ ಕೆರೆಯ ಸುತ್ತ ನಾಲ್ಕು ಸುತ್ತು ನಡಿಗೆ. "ನೀವೊಬ್ಬರೇ ಪಥ್ಯ ಮಾಡಿದ್ರೆ ನನ್ನ ತಟ್ಟೆಗೆ ಕಣ್ಣು ಹಾಕ್ತೀರಿ, ನಾನೂ ಮಾಡ್ತೀನಿ" ಎಂದು ತಾನೂ ಅದನ್ನೇ ತಿಂದಳು, ತಾನೂ ನಡೆದಳು.

ಟೈಲರ್ ಏನು ಕಮ್ಮಿ ಆಸಾಮಿಯೇ? ಅಂಗಡಿಯ ಎದುರೇ ಬೇಕರಿ. ಮೊದಲ ತಿಂಗಳೆಲ್ಲ ದಾರದ ಬಾಬಿನ್ ಡಬ್ಬಿಯಲ್ಲಿ ಬಿಸ್ಕತ್ತು ಬಚ್ಚಿಟ್ಟು ತಿಂದ. ಹೀಗೆ ಕಳ್ಳಾಟ ಆಡಿದವನು ಮೂರು ಕಿಲೋ ಇಳಿದ. ನಿಯತ್ತಿನಿಂದ ಇದ್ದವಳು ವರ್ಷದಲ್ಲಿ ಹದಿನಾಲ್ಕು ಕಿಲೋ ಇಳಿದಳು. ಯಾರಿಗೆ ತಾನೇ ಅನುಮಾನ ಬಂದೀತು? ಪಥ್ಯಕ್ಕೆ ಫಲ ಸಿಕ್ಕಿದೆ ಎಂದು ಎಲ್ಲರೂ ಅಂದುಕೊಂಡರು.

ಅಂಚೆ ಕಚೇರಿಯ ನೀಲಿ ಕೋಟು ಅವಳಿಗೆ ಸಡಿಲವಾದಾಗಲೆಲ್ಲ ಟೈಲರೇ ಹೊಲಿಗೆ ಬಿಚ್ಚಿ ಬಿಗಿ ಮಾಡಿದ. ಸೀಮೆಸುಣ್ಣದಲ್ಲಿ ಗೆರೆ ಎಳೆಯುವಾಗ, "ಏನೇ, ನನ್ನ ಪಥ್ಯ ನಿನಗೆ ಹತ್ತಿಬಿಟ್ಟಿದೆ" ಎಂದು ತಮಾಷೆ ಮಾಡಿದ. ಕನ್ನಡಿಯ ಮುಂದೆ ನಿಲ್ಲಿಸಿ ಹೊಗಳಿ ಅಟ್ಟಕ್ಕೇರಿಸಿದ. ಬಟ್ಟೆ ಕೊಡಲು ಬಂದ ಹೆಂಗಸರಿಗೆಲ್ಲ ಅವಳನ್ನೇ ಉದಾಹರಣೆಯಾಗಿ ತೋರಿಸಿದ. ಫೋಟೋ ನೋಡಿದ ಮಗಳು ಫೋನಿನಲ್ಲಿ, "ಅಮ್ಮಾ, ನೀನು ನನ್ನ ತಂಗಿ ಥರ ಕಾಣ್ತೀಯ!" ಎಂದು ಕಿರುಚಿದಳು. ಹೆಂಡತಿ ನಕ್ಕಳು. ಊಟದ ಹೊತ್ತಿನಲ್ಲಿ ಅರ್ಧ ತಟ್ಟೆಗೇ ಕೈ ತೊಳೆಯುತ್ತಿದ್ದಳು. ಸಂಯಮ ಅಂದರೆ ಇದು ಅಂತ ಟೈಲರ್ ಅಂದುಕೊಂಡ.

ನವೆಂಬರ್ ಕೊನೆಯಲ್ಲಿ ಅವಳು ಕೌಂಟರಿನಲ್ಲೇ ತಲೆ ಸುತ್ತಿ ಬಿದ್ದಳು. ಎರಡು ವಾರ ಒಂದರ ಮೇಲೊಂದು ಪರೀಕ್ಷೆಯಾದ ಮೇಲೆ ಬಂದದ್ದು ಆ ಹಾಳು ಮಂಗಳವಾರ.

ಮನೆಗೆ ಬಂದ ಮೇಲೆ ಅವಳು ಒಂದೇ ಮಾತು ಹೇಳಿದ್ದಳು.

"ಭಾನುವಾರ ಬಳಗದ ಸಭೆ ಮುಗಿಯೋ ತನಕ ಯಾರಿಗೂ ಹೇಳಬೇಡಿ. ಸೋಮವಾರ ಆಸ್ಪತ್ರೆ ಇದ್ದೇ ಇದೆ. ಅಲ್ಲಿವರೆಗೆ ನನ್ನನ್ನ ರೋಗಿ ಮಾಡಬೇಡಿ."

ಬಳಗ ಅಂದರೆ ಕೆರೆಯ ಸುತ್ತ ನಡೆಯುವವರ ಗುಂಪು. ನಿವೃತ್ತ ಮೇಷ್ಟ್ರು ಒಬ್ಬರು ಅದರ ಯಜಮಾನಿಕೆ ವಹಿಸಿದ್ದರು. ನಿವೃತ್ತಿಯಾದರೂ ಹೋಮ್‌ವರ್ಕ್ ಕೊಡುವ ಚಟ ಹೋಗಿರಲಿಲ್ಲ ಆ ಪುಣ್ಯಾತ್ಮನಿಗೆ. ವರ್ಷದ ಕೊನೆಯಲ್ಲಿ ಪ್ರತಿಯೊಬ್ಬರೂ 'ಈ ವರ್ಷ ನನಗಾದ ಒಳ್ಳೆಯದು' ಎಂದು ಒಂದು ಹಾಳೆ ಬರೆದು ಕೊಡಬೇಕು. ಸಭೆಯಲ್ಲಿ ಹೆಸರು ಹೇಳದೆ ಮೇಷ್ಟ್ರು ಅದನ್ನು ಓದುತ್ತಾರೆ, ಬರೆದವರು ಯಾರೆಂದು ಉಳಿದವರು ಹೇಳಬೇಕು. ಹೆಂಡತಿ ಕೌಂಟರಿನಲ್ಲಿ ಬೀಳುವುದಕ್ಕೆ ಎರಡು ದಿನ ಮೊದಲೇ ತನ್ನ ಹಾಳೆ ಕೊಟ್ಟಿದ್ದಳು. ಅದರ ಕೊನೆಯ ಸಾಲು ಏನೆಂದು ಟೈಲರಿಗೆ ಗೊತ್ತಿತ್ತು. ಮನೆಯಲ್ಲಿ ಓದಿ ತೋರಿಸಿದ್ದಳು.

ಶನಿವಾರ ಮಧ್ಯಾಹ್ನ ಅವನು ಮೇಷ್ಟ್ರ ಮನೆಗೆ ಹೋದ. ಊಟದ ಮೇಜಿನ ಮೇಲೆ ಹಾಳೆಗಳನ್ನು ಜೋಡಿಸಿಕೊಂಡು ಮೇಷ್ಟ್ರು ಕಾಗುಣಿತ ತಿದ್ದುತ್ತಿದ್ದರು.

"ನಮ್ಮವಳ ಹಾಳೆ ವಾಪಸ್ ಬೇಕಿತ್ತು ಮೇಷ್ಟ್ರೇ."

"ಯಾಕಯ್ಯಾ?"

"ಸುಮ್ಮನೆ. ಏನೋ ಬದಲಾಯಿಸಬೇಕಂತೆ."

"ಒಂದಕ್ಷರ ಬದಲಾಯಿಸೋ ಹಾಗಿಲ್ಲ! ಕಟ್ಟಕಡೆಗೆ ಓದೋಣ ಅಂತ ಇಟ್ಟಿದೀನಿ. ಅದು ಓದಿದ ಮೇಲೆ ಇನ್ಯಾರದೂ ರುಚಿಸಲ್ಲ. ನಿನ್ನ ಹೆಂಡತಿ ಬಳಗಕ್ಕೇ ಕಿರೀಟ ಕಣಯ್ಯಾ."

ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಬೇಡಿ ಎಂದವಳ ಮಾತು ಮೀರುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಒಂದು ದಾರ ಎಳೆದರೆ ಏಪ್ರಿಲ್ ತನಕ ಎಲ್ಲವೂ ಬಿಚ್ಚಿಕೊಳ್ಳುತ್ತದೆಂಬ ಹೆದರಿಕೆ. ಮೇಷ್ಟ್ರು ಅವನ ಬೆನ್ನು ತಟ್ಟಿ ಕಳಿಸಿದರು. ಬೀದಿಗೆ ಬಂದು ಟೈಲರ್ ಯಾರದೋ ಕಾಂಪೌಂಡಿಗೆ ಒರಗಿ ನಿಂತು ಅತ್ತ. ಅಳು ಮುಗಿದ ಮೇಲೆ ಮುಖ ಒರೆಸಿಕೊಂಡು, ಅಂಗಡಿಗೆ ಹೋಗಿ ಕಾಲು ಸೇರಿಸಿ ಹೊಲಿದಿದ್ದ ಆ ಪ್ಯಾಂಟಿನ ಹೊಲಿಗೆ ಬಿಚ್ಚಿದ.

ಭಾನುವಾರ ಬೆಳಿಗ್ಗೆ ಕೆರೆ ಪಕ್ಕದ ಸಭಾಂಗಣದಲ್ಲಿ ಮೂವತ್ತು ಜನ ಸೇರಿದ್ದರು. ಹೆಂಡತಿ ಆ ನೀಲಿ ಕೋಟು ತೊಟ್ಟು, ತುಟಿಗೆ ಸ್ವಲ್ಪ ಬಣ್ಣ ಹಚ್ಚಿಕೊಂಡು ಬಂದಿದ್ದಳು. ಮೇಷ್ಟ್ರು ಒಂದೊಂದೇ ಹಾಳೆ ಓದಿದರು. ಒಬ್ಬರ ಮಂಡಿನೋವು ಹೋಗಿತ್ತು, ಒಬ್ಬರು ಸಿಗರೇಟು ಬಿಟ್ಟಿದ್ದರು, ಮತ್ತೆ ಹಿಡಿದದ್ದನ್ನು ಬರೆದಿರಲಿಲ್ಲ. ಜನ ಕೂಗಿ ಗುರುತು ಹಿಡಿದು ಗೊಳ್ಳೆಂದು ನಗುತ್ತಿದ್ದರು. ಕೊನೆಗೆ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಗಂಟಲು ಸರಿಮಾಡಿಕೊಂಡರು.

"'ಒಂದು, ನಮ್ಮ ಯಜಮಾನರ ಸಕ್ಕರೆ ಹದಕ್ಕೆ ಬಂತು, ಕಾಲು ಉಳಿಯಿತು. ಎರಡು, ಸೂರ್ಯ ಹುಟ್ಟುವುದನ್ನು ದಿನಾ ನೋಡಿದೆ. ಅಂಥ ವಿಶೇಷವೇನೂ ಇಲ್ಲ, ಆದರೂ ನೋಡಿದೆ. ಮೂರು, ಯಜಮಾನರು ಬಿಸ್ಕತ್ತು ಎಲ್ಲಿ ಬಚ್ಚಿಡುತ್ತಾರೆಂದು ಗೊತ್ತಾಯಿತು, ಹೇಳಿಲ್ಲ. ನಾಲ್ಕು, ನನ್ನ ಕೋಟನ್ನು ನಾಲ್ಕು ಸಲ ಬಿಗಿ ಮಾಡಬೇಕಾಗಿ ಬಂತು.'"

ಯಾರೆಂದು ಹೇಳುವ ಅಗತ್ಯವೇ ಬೀಳಲಿಲ್ಲ. ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೆಂಡತಿ ಮುಂದಿನ ಕುರ್ಚಿ ಹಿಡಿದು ಎದ್ದು ಎಲ್ಲರಿಗೂ ಕೈ ಮುಗಿದಳು. ಬೇಕರಿಯ ಯಜಮಾನಿ, ಒಳ್ಳೆಯ ಮನಸ್ಸಿನ ದಪ್ಪ ಹೆಂಗಸು, ಟೈಲರ್ ಪಕ್ಕಕ್ಕೆ ವಾಲಿ, "ಗುಟ್ಟೇನು ಹೇಳಿ ಅಣ್ಣಾ, ಏನು ತಿನ್ನಿಸಿದ್ರಿ? ನಾನೂ ಹಾಗೇ ಆಗಬೇಕು" ಎಂದಳು.

"ಬೇಡ!" ಎಂದು ಟೈಲರ್ ಚೀರಿದ. ಚಪ್ಪಾಳೆ ನಿಂತುಹೋಯಿತು. "ಹಾಗೆ ಆಗೋದು ಬೇಡ ತಾಯೀ. ಅದಕ್ಕೆ ಚಪ್ಪಾಳೆ ತಟ್ಟಬೇಡ್ರೋ! ಅದು ಪಥ್ಯ ಅಲ್ಲ, ರೋಗ. ಒಳಗಿಂದ ತಿಂದುಹಾಕ್ತಾ ಇದೆ ಅವಳನ್ನ. ನಾನು ಟೇಪು ಹಿಡ್ಕೊಂಡು ಅಳೆದೆ, ಅಳೆದು ಖುಷಿಪಟ್ಟೆ!"

ಮೇಷ್ಟ್ರ ಕೈಯಲ್ಲಿ ಹಾಳೆ ಹಾಗೇ ಇತ್ತು. ಯಾರೋ ಕುರ್ಚಿ ಎಳೆದರು. ಬೇಕರಿಯವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹೆಂಡತಿ ಮಾತ್ರ ನಿಧಾನವಾಗಿ ಬಂದು ಅವನ ರಟ್ಟೆ ಹಿಡಿದು, "ಬನ್ನಿ, ಮನೆಗೆ ಹೋಗೋಣ" ಎಂದಳು.

ಕೆರೆಯ ದಾರಿಯಲ್ಲಿ ಅರ್ಧ ಸುತ್ತಿಗೇ ಅವಳಿಗೆ ದಮ್ಮು ಬಂತು. ಕಲ್ಲುಬೆಂಚಿನ ಮೇಲೆ ಕೂತರು. ಭಾನುವಾರದ ಸಭೆಯೊಂದು ಮುಗಿಯಲಿ ಎಂದು ಕೇಳಿಕೊಂಡಿದ್ದಳು, ಅದನ್ನೂ ಹಾಳು ಮಾಡಿದ್ದಾಯಿತು. ಇನ್ನು ಮುಚ್ಚಿಟ್ಟು ಏನು ಬಂತು?

"ಡಾಕ್ಟರು ನನಗೊಬ್ಬನಿಗೇ ಒಂದು ಮಾತು ಹೇಳಿದ್ರು ಕಣೆ" ಎಂದ ಟೈಲರ್, ಅವಳ ಮುಖ ನೋಡದೆ. "ಏಪ್ರಿಲ್‌ನಲ್ಲೇ ಬಂದಿದ್ರೆ ಆಪರೇಷನ್ ಮಾಡಬಹುದಿತ್ತಂತೆ. ಈಗ ಆಗಲ್ವಂತೆ. ಎಲ್ಲ ಕಡೆ ಹರಡಿದೆಯಂತೆ."

ಅವಳು ಕೋಟಿನ ತೋಳಿನ ಮೇಲೆ ಬಿದ್ದ ಎಲೆಯೊಂದನ್ನು ತೆಗೆದುಹಾಕಿದಳು.

"ಬೈಯೇ. ಬಾಯಿಗೆ ಬಂದ ಹಾಗೆ ಬೈಯಿ. ನನ್ನಷ್ಟು ಹತ್ತಿರದಿಂದ ನಿನ್ನನ್ನ ಅಳತೆ ಮಾಡಿದೋರು ಯಾರೂ ಇಲ್ಲ. ನನಗೇ ಗೊತ್ತಾಗಲಿಲ್ಲ."

"ನನಗೆ ಗೊತ್ತಿತ್ತು" ಎಂದಳು ಹೆಂಡತಿ.

ಟೈಲರ್ ತಲೆ ಎತ್ತಿದ.

"ಏನೋ ಸರಿಯಿಲ್ಲ ಅಂತ ಗೊತ್ತಿತ್ತು. ತಿಂದದ್ದು ಒಳಗೆ ನಿಲ್ತಿರಲಿಲ್ಲ. ಆಫೀಸಲ್ಲಿ ಹೋಗಿ ವಾಂತಿ ಮಾಡ್ಕೊಂಡು ಬರ್ತಿದ್ದೆ. ಪಕ್ಕದ ಕೌಂಟರಿನವಳು ಬಲವಂತ ಮಾಡಿ ಆಸ್ಪತ್ರೆ ಚೀಟಿ ಕೂಡ ಮಾಡಿಸಿದ್ಲು. ಏಪ್ರಿಲ್‌ನಲ್ಲೇ."

"ಅಯ್ಯೋ ದೇವರೇ! ಮತ್ತೆ ಯಾಕೆ ಹೋಗಲಿಲ್ಲ?"

"ಚೀಟಿ ಬ್ಯಾಗಲ್ಲಿ ಇಟ್ಕೊಂಡೇ ಅಂಗಡಿಗೆ ಬಂದೆ, ನಿಮಗೆ ತೋರಿಸೋಣ ಅಂತ. ನೀವು ಅವತ್ತು ಕೋಟು ಬಿಗಿ ಮಾಡಿ ಇಟ್ಟಿದ್ರಿ. ನನಗೆ ತೊಡಿಸಿ ಕನ್ನಡಿ ಮುಂದೆ ನಿಲ್ಲಿಸಿದ್ರಿ. ಅಂಗಡೀಲಿ ಇದ್ದೋರನ್ನೆಲ್ಲ ಕರೆದು, ನೋಡ್ರಪ್ಪಾ ನನ್ನ ಹೆಂಡತೀನ, ಅಂದ್ರಿ."

"ಅಷ್ಟಕ್ಕೆ? ಅಷ್ಟಕ್ಕೆ ಚೀಟಿ ತೋರಿಸಲಿಲ್ವಾ ನೀನು?"

ಅವಳು ಕೋಟಿನ ಗುಂಡಿ ಹಾಕಿಕೊಂಡಳು. ಗಾಳಿ ತಣ್ಣಗಿತ್ತು.

"ಅಷ್ಟಕ್ಕೆ ಅಂತೀರಲ್ಲ ನೀವು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ ಆಯ್ತು. ನೀವು ನನ್ನನ್ನ ಕಣ್ತುಂಬ ನೋಡಿದ್ದು ಈ ವರ್ಷಾನೇ."