ಸೌತೆಕಾಯಿಯ ಎರಡು ತುದಿ

ಕಸಕ್ಕೆ ಹೋಗಬೇಕಾಗಿದ್ದ ಸೌತೆಕಾಯಿ ತುದಿಗಳು ಚೀಲದಲ್ಲಿ ಸಿಕ್ಕವೆಂದು ಬಾರಿನ ಲೋಟ ತೊಳೆಯುವವಳನ್ನು ಸೋಮವಾರ ಕೆಲಸದಿಂದ ತೆಗೆದರು. ಮಂಗಳವಾರ ಅವಳ ಓರಗಿತ್ತಿ, ಅದೇ ಬಾರಿನಲ್ಲಿ ತರಕಾರಿ ಹೆಚ್ಚುವವಳು, ಎಂದಿನಂತೆ ಬಂದು ಹಲಗೆಯ ಮುಂದೆ ನಿಂತಳು. ಇಬ್ಬರ ಮಕ್ಕಳೂ ಒಂದೇ ಮನೆಯಲ್ಲಿ ಉಣ್ಣುತ್ತಿದ್ದರು. ಇನ್ನು ಆ ಮನೆಗೆ ಬರುವುದು ಇವಳೊಬ್ಬಳ ಸಂಬಳ.

ಆ ಬಾರಿನಲ್ಲಿ 'ತೋಟದ ಜಿನ್' ಅಂದರೆ ಗಿರಾಕಿಗಳು ಮುಗಿಬೀಳುತ್ತಿದ್ದರು. ಪುದೀನ, ಸೌತೆ ಜಜ್ಜಿ, ನಿಂಬೆ ಹಿಂಡಿ, ಜಿನ್ ಸುರಿದು, ಐಸಿನ ಜತೆ ಕುಲುಕಿ ಸೋಸಬೇಕು. ಆಮೇಲೆ ಲೋಟದ ಒಳಮೈಗೆ ಸೌತೆಕಾಯಿಯ ಉದ್ದನೆಯ ಪಟ್ಟಿಯೊಂದನ್ನು ಅಂಟಿಸಿ, ಮೇಲೆ ಕಾಮಕಸ್ತೂರಿಯ ಕುಡಿ ಇಡಬೇಕು. ಪಟ್ಟಿ ಕಾಗದದಷ್ಟು ತೆಳ್ಳಗಿರಬೇಕು, ನೆಟ್ಟಗಿರಬೇಕು. ಸೌತೆಕಾಯಿ ಹುಟ್ಟುವಾಗ ಅಷ್ಟು ನೆಟ್ಟಗೆ ಹುಟ್ಟುವುದಿಲ್ಲ. ಹಾಗಾಗಿ ನಡುಭಾಗ ಲೋಟಕ್ಕೆ, ಎರಡು ತುದಿ ಕಸದ ಬಕೆಟ್ಟಿಗೆ. ಕುಡಿ ಲೋಟಕ್ಕೆ, ಉಳಿದ ಸೊಪ್ಪೆಲ್ಲ ಬಕೆಟ್ಟಿಗೆ. ಆ ಪಟ್ಟಿಯನ್ನು ತಿಂದ ಗಿರಾಕಿಯನ್ನು ಇವಳು ಇದುವರೆಗೆ ಕಂಡಿರಲಿಲ್ಲ. ಬಕೆಟ್ಟಿನಿಂದ ಆರಿಸಿದ್ದು ಮಾತ್ರ ಮನೆಯಲ್ಲಿ ಬೆಂದು ಮಕ್ಕಳ ತಟ್ಟೆಗೆ ಬೀಳುತ್ತಿತ್ತು.

ಬಾಟಲಿಗಳ ಹಿಂದಿನ ಗೋಡೆಯ ಮೇಲೆ ಚೆಂದದ ಅಕ್ಷರದಲ್ಲಿ ಬರೆದಿತ್ತು: 'ನಮ್ಮಲ್ಲಿ ಒಂದೆಲೆಯೂ ಹಾಳಾಗುವುದಿಲ್ಲ.'

ಜಿನ್ ಬೆರೆಸುವವನನ್ನು ಎಲ್ಲರೂ ಶೋಕಿ ಎನ್ನುತ್ತಿದ್ದರು. ಸೊಂಟಕ್ಕೆ ಕಟ್ಟುವ ಬಟ್ಟೆಗೂ ಇಸ್ತ್ರಿ ಹಾಕುವ ಆಸಾಮಿ.

"ನಿಮ್ಮ ಓರಗಿತ್ತಿ ಎಂಥಾ ಕಳ್ಳಿ ಅಕ್ಕ," ಎಂದ. "ಇಷ್ಟು ಜಿನ್ ಬಾಟ್ಲಿ ಬಿಟ್ಟು ಸೌತೆಕಾಯಿ ತುದಿಗೆ ಕೈ ಹಾಕೋದಾ?"

"ಮಕ್ಕಳು ಜಿನ್ ಕುಡಿಯಲ್ಲ," ಎಂದಳು.

ಶೋಕಿ ಲೋಟ ಒರೆಸತೊಡಗಿದ.

ಬಾಗಿಲು ತೆರೆಯುವ ಮುಂಚೆ ಮ್ಯಾನೇಜರ್ ಬಂದ. ಕೈಯಲ್ಲಿ ಫಿನಾಯಿಲ್ ಬಾಟಲಿ.

"ನೋಡಮ್ಮ, ಮಾಲೀಕರು ಮೆತ್ತಗಿನ ಮನುಷ್ಯ. ಯಾರನ್ನೂ ತೆಗೀಬೇಕು ಅಂತ ಅವರಿಗೇನೂ ಆಸೆಯಿಲ್ಲ. ಎಲ್ಲಾ ಈ ಬಕೆಟ್ಟಿಂದ ಆಗೋದು. ಇನ್ಮೇಲೆ ತುಂಬಿದ ಕೂಡ್ಲೆ ಇದನ್ನ ಮೇಲೆ ಸುರಿ. ಕದಿಯೋರೂ ಇರಲ್ಲ, ತೆಗೆಯೋರೂ ಇರಲ್ಲ. ನಿಮ್ಮ ಒಳ್ಳೇದಕ್ಕೇ."

"ಈಗಷ್ಟೇ ಹೆಚ್ಚಿದ್ದು ಸಾರ್. ಯಾರೂ ಬಾಯಿ ಹಾಕಿಲ್ಲ."

"ಅದಕ್ಕೇ ಹೇಳ್ತಿರೋದು. ಯಾರೂ ಬಾಯಿ ಹಾಕಬಾರದು."

"ಅವಳನ್ನ ವಾಪಸ್ ಕರೀತೀರಾ?"

"ಮೊದಲು ಸುರಿ. ಆಮೇಲೆ ಮಾತಾಡೋಣ."

ಅವಳು ಬಾಟಲಿ ಈಸಿಕೊಂಡು ಮುಚ್ಚಳ ತೆಗೆದಳು. ಬಕೆಟ್ಟಿನಲ್ಲಿ ಸೌತೆ ತುದಿಗಳ ಮೇಲೆ ಇನ್ನೂ ನೀರ ಪಸೆಯಿತ್ತು. ಕಾಮಕಸ್ತೂರಿ ಘಮ್ಮೆನ್ನುತ್ತಿತ್ತು. ಮುಚ್ಚಳವನ್ನು ಮತ್ತೆ ಬಿಗಿಯಾಗಿ ತಿರುಗಿಸಿ ಬಾಟಲಿಯನ್ನು ಕಟ್ಟೆಯ ಮೇಲಿಟ್ಟಳು.

"ತಿನ್ನೋದಕ್ಕೆ ವಿಷ ಹಾಕೋದು ನನ್ನ ಕೈಲಾಗಲ್ಲ ಸಾರ್."

"ನಾಳೆಯಿಂದ ಬರಬೇಡ ಅಂದ್ರೆ?"

"ನಾಳೆ ಮಾತು ನಾಳೆಗೆ. ಇವತ್ತು ಹಾಕಲ್ಲ."

ಮ್ಯಾನೇಜರ್ ಬಾಟಲಿಯನ್ನು ಶೋಕಿಯತ್ತ ಸರಿಸಿದ. "ನೀನು ಹಾಕೋ."

ಶೋಕಿ ಗೋಡೆಯ ಬರಹ ನೋಡಿದ. ಬಕೆಟ್ಟು ನೋಡಿದ. ಎರಡೂ ಕೈಗಳನ್ನು ಆ ಇಸ್ತ್ರಿಯ ಬಟ್ಟೆಗೆ ಒರೆಸಿ ಬೆನ್ನ ಹಿಂದೆ ಕಟ್ಟಿಕೊಂಡ.

"ನಂದು ಜಿನ್ ಸುರಿಯೋ ಕೆಲಸ ಸಾರ್," ಎಂದ. "ಫಿನಾಯಿಲ್ ನಂಗೆ ಬರಲ್ಲ."