ಕಾರು ಮಾರಿದ ಡಾಕ್ಟರರು

ಹೊಟ್ಟೆಯ ಮೇಲೆ ಎಲ್ಲಿ ಒತ್ತಿದರೂ ಮಲ್ಲಕ್ಕ "ಹೂಂರಿ, ಅಲ್ಲೇ" ಅನ್ನುತ್ತಿದ್ದಳು. ಬಲ ಪಕ್ಕೆಯ ಕೆಳಗೆ ಒತ್ತಿದರು, ಅಲ್ಲೇ. ಹೊಕ್ಕಳದ ಎಡಕ್ಕೆ ಒತ್ತಿದರು, ಅಲ್ಲೇ. ಏಕನಾಥ ಡಾಕ್ಟರರು ಬೇಕೆಂದೇ ಹೊಟ್ಟೆ ಬಿಟ್ಟು ಮೊಣಕೈ ಒತ್ತಿದರೆ ಅಲ್ಲಿಯೂ ನೋವಿತ್ತು. ಮೂವತ್ತು ವರ್ಷ ಸಂಶಿ ಊರಿನಲ್ಲಿ ನೋವಿನ ಮುಖಗಳನ್ನೇ ನೋಡಿದ್ದ ಅವರಿಗೆ ಈ ಮುಖದಲ್ಲಿ ನೋವು ಕಾಣಲಿಲ್ಲ. ಕಂಡದ್ದು ಕನಿಕರ. ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಚಲೋ ಆಗೇತಿ ಎಂದು ಉಂಡೇಳುವ ನೆಂಟರ ಮುಖದ ಹಾಗೆ ಅದು ಒಂದೇ ಸಮ ಮೆತ್ತಗಿತ್ತು.

ನಿನ್ನೆಯಾಗಿದ್ದರೆ ಅವರಿಗೆ ಇದು ತಿಳಿಯುತ್ತಿರಲಿಲ್ಲ. ನಿನ್ನೆ ಸಂಜೆ ದವಾಖಾನೆಯ ಬಾಗಿಲು ಹಾಕುವಾಗ ಕಂಪೌಂಡರ್ ರಹೀಮಾಬಿ ಬಾಯಿ ಬಿಟ್ಟಿದ್ದಳು.

ಎರಡು ವರ್ಷದ ಹಿಂದೆ ಬಸ್‌ಸ್ಟ್ಯಾಂಡಿನ ಬಾಜು ಹೊಸ ದವಾಖಾನೆಯೊಂದು ತೆರೆದಿತ್ತು. ಇನ್ನೂ ನಲವತ್ತು ದಾಟದ ಡಾಕ್ಟರು, ಒಳಗೇ ರಕ್ತ ತಪಾಸಣೆ, ಕಾಯುವವರಿಗೆ ಟಿವಿ. ಏಕನಾಥರ ದವಾಖಾನೆಯಲ್ಲಿ ಮಂದಿ ಕೂತು ಕಾಯುವ ಬಾಕು ಸಾವಕಾಶ ಖಾಲಿಯಾಗುತ್ತ ಬಂತು. ಆ ಹುಡುಗ ಒಳ್ಳೆಯವನೇ, ಎದುರು ಸಿಕ್ಕರೆ ಸರ್ ಅನ್ನುತ್ತಿದ್ದ, ಅದೇ ಇವರಿಗೆ ಹೆಚ್ಚು ಚುಚ್ಚುತ್ತಿತ್ತು. ಐವತ್ತೇಳು ಅಂದರೆ ಮನೆಗೆ ಹೋಗುವ ವಯಸ್ಸಲ್ಲ. ಅವರು ಹಟ ಹಿಡಿದರು. ಕುಂದಗೋಳದ ಮನೆಯಲ್ಲಿ ಸಂಜೆ ಹೊತ್ತು ಲ್ಯಾಪ್‌ಟಾಪಿನ ಮುಂದೆ ಕೂತು ಡಾಕ್ಟರುಗಳಿಗಾಗಿ ನಡೆಯುವ ಹೊಸ ಪಾಠಗಳನ್ನೆಲ್ಲ ಕೇಳಿದರು, ಪರೀಕ್ಷೆ ಬರೆದರು. ಹೈಸ್ಕೂಲು ಶಿಕ್ಷಕಿಯಾದ ಹೆಂಡತಿ ಜ್ಯೋತ್ಸ್ನಾ, ತನ್ನ ಹತ್ತನೆಯ ಇಯತ್ತೆಯ ಹುಡುಗರೂ ಇಷ್ಟು ಓದುವುದಿಲ್ಲ ಎಂದು ಚೇಷ್ಟೆ ಮಾಡಿದಳು. ಹುಬ್ಬಳ್ಳಿಯಿಂದ ಹೊಸ ಸಾಮಾನು ಬಂದವು. ಅಂಗಾಲಿನ ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆಯೂ ಒಂದು ಪೆನ್ನಿನ ಆಕಾರದಲ್ಲಿ ಬಂದು ಮೇಜಿನ ಖಾನೆಯಲ್ಲಿ ಕೂತಿತು. ಪರೀಕ್ಷೆ ಮಾಡೋಣವೆಂದರೆ ಕಾಲುಗಳೇ ಬರಲಿಲ್ಲ.

ಹೊಸ ಸಕ್ಕರೆ ಮಿಷನ್ನು ಸರಿ ತೋರಿಸುತ್ತದೋ ಇಲ್ಲವೋ ಎಂದು ಒಂದು ದಿನ ತಮ್ಮದೇ ಬೆರಳು ಚುಚ್ಚಿ ನೋಡಿಕೊಂಡರು. ಮಿಷನ್ನು ಸರಿಯಾಗೇ ಇತ್ತು, ಸರಿಯಿಲ್ಲದ್ದು ಅವರ ರಕ್ತ. ಈ ಮಾತನ್ನು ಜ್ಯೋತ್ಸ್ನಾಳಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಉಳಿದಿರುವ ನಾಲ್ಕು ಮಂದಿಗೂ ಇದು ಗೊತ್ತಾದರೆ, ತನ್ನ ಜಡ್ಡು ತನಗೇ ಕಳೆಯಲಾಗದ ಡಾಕ್ಟರನ ಹತ್ತಿರ ಯಾರು ಬರುತ್ತಾರೆ ಎಂಬ ಹೆದರಿಕೆ ಅವರನ್ನು ಹಿಡಿದುಬಿಟ್ಟಿತು. ಮಧ್ಯಾಹ್ನದ ಗುಳಿಗೆಯನ್ನು ಔಷಧದ ಕಪಾಟಿಗೆ ಮುಖ ಮಾಡಿ, ರಹೀಮಾಬಿಗೆ ಬೆನ್ನು ಕೊಟ್ಟು ನುಂಗುತ್ತಿದ್ದರು.

ಸೈಕಲ್ಲು ಬಂದದ್ದು ಆಗ. ಜ್ಯೋತ್ಸ್ನಾಳಿಗೆ ಹುಬ್ಬಳ್ಳಿ ಕಡೆಯ ಶಾಲೆಯೊಂದರಲ್ಲಿ ಹೆಡ್‌ಮಿಸ್ಟ್ರೆಸ್ ಹುದ್ದೆ ಸಿಕ್ಕಿ, ಕಾರು ಅವಳ ಪಾಲಿಗೆ ಹೋಯಿತು. ಕುಂದಗೋಳದಿಂದ ಸಂಶಿಗೆ ದಿನಾ ಸೈಕಲ್ ಹೊಡೆದರೆ ಮೈಯೂ ಹಗುರವಾಗುತ್ತದೆ ಎಂದು ಇವರು ಅಂಗಡಿಗೆ ಹೋದರು. ಗೇರಿನ ಸೈಕಲ್ಲುಗಳನ್ನು ಕಂಡು ಈ ವಯಸ್ಸಿನಲ್ಲಿ ಬಾಗಿ ಕೂತು ಹೋಗುವುದು ಚಂದವಲ್ಲ ಎನಿಸಿ, ಹಾಲಿನವರು ಹೊಡೆಯುವಂಥ ಕರಿಯ ಸೈಕಲ್ಲು ಕೊಂಡರು. ಹಿಂದೆ ಕ್ಯಾರಿಯರಿಗೆ ಬ್ಯಾಗು ಕಟ್ಟಲು ಟ್ಯೂಬಿನ ಪಟ್ಟಿ. ಇವರು ತಪ್ಪಿದ್ದು ಅಲ್ಲಿಯೇ.

ಆದರೆ ತಪ್ಪು ಅನ್ನುವುದು ಯಾರಿಗೆ ಗೊತ್ತು! ಮೆಣಸಿನಕಾಯಿ ಹೊಲಗಳ ನಡುವೆ ಗಾಳಿ ಸೀಳಿಕೊಂಡು ಬರುವುದು ಅವರಿಗೆ ಹಿಡಿಸಿತು. ಸಕ್ಕರೆ ಇಳಿಯಿತು, ಪ್ಯಾಂಟು ಸಡಿಲಾಯಿತು. ಅದಕ್ಕಿಂತ ದೊಡ್ಡ ಸಂತೋಷವೆಂದರೆ ಬಾಕು ತುಂಬತೊಡಗಿತು. ಬಿಟ್ಟುಹೋದವರೆಲ್ಲ ತಿರುಗಿ ಬಂದರು. ಮೊಣಕಾಲು ನೋವು, ಕಣ್ಣುರಿ, ಏನೋ ಒಂಥರಾ ಆಗತೈತಿ ಎನ್ನುವ ಜಡ್ಡುಗಳು. ಏನೂ ಆಗಿಲ್ಲ ಹೋಗಿರಿ ಎಂದರೆ ಕೇಳದೆ, ಒಂದು ಇಂಜೆಕ್ಷನ್ನಾದರೂ ಮಾಡಿರೆಂದು ತೋಳು ಮಡಚಿ ಕೂಡುತ್ತಿದ್ದರು. ಓದಿದ್ದು ಕೈ ಹಿಡಿಯಿತು ಎಂದು ಏಕನಾಥರು ಒಳಗೊಳಗೇ ಹಿಗ್ಗಿದರು. ದಾರಿಯಲ್ಲಿ ಸೀಟಿ ಹೊಡೆಯುವುದೂ ಶುರುವಾಗಿತ್ತು.

ಇಪ್ಪತ್ತು ವರ್ಷದಿಂದ ಕಂಪೌಂಡರ್ ಕೆಲಸ ಮಾಡಿಕೊಂಡು ಬಂದ ರಹೀಮಾಬಿಗೆ ಈ ಸೀಟಿಯೇ ತಡೆಯಲಾರದ್ದಾಯಿತು ಎಂದು ಕಾಣುತ್ತದೆ.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ," ಅಂದಳು. "ಇವ್ರಿಗ್ಯಾರಿಗೂ ಏನೂ ಆಗಿಲ್ರಿ. ನೀವು ಕಾರು ಮಾರೀರಿ, ಉಪಾಸ ಬಿದ್ದು ಸೊರಗೀರಿ ಅಂತ ಊರಾಗ ಪಾಳಿ ಹಚ್ಚ್ಯಾರ. ದಿನಕ್ಕ ಒಂದೊಂದು ಓಣಿಯವ್ರು."

ದೇವರ ಪೂಜೆಗೆ ಮನೆಮನೆಗೆ ಪಾಳಿ ಹಚ್ಚುವ ಊರು ಅದು. ನಳದ ನೀರಿಗೂ ಪಾಳಿಯೇ. ಡಾಕ್ಟರರನ್ನು ಬದುಕಿಸಲು ಅದೇ ಹಾದಿ ಹಿಡಿದಿತ್ತು. ಕಾರು ಮಾರಿಲ್ಲ, ಮನೆಯವಳು ಒಯ್ಯುತ್ತಾಳೆ ಎಂದು ಏಕನಾಥರು ಹೇಳಿದ್ದಕ್ಕೆ, ಹಾಗೆಂದು ತಾನೂ ಮಂದಿಗೆ ಹೇಳಿ ನೋಡಿದ್ದಾಗಿಯೂ, ಮಾನಸ್ಥರು ಮತ್ತೇನು ಹೇಳುತ್ತಾರೆ ಎಂದು ಅವರು ನಂಬಲಿಲ್ಲವೆಂದೂ ರಹೀಮಾಬಿ ತಿಳಿಸಿದಳು. ಅಂದು ಮನೆಗೆ ಹೋಗುವ ದಾರಿ ಅವರಿಗೆ ಏರಿಲ್ಲದಿದ್ದರೂ ಏರಾಗಿತ್ತು. ನಾಚಿಕೆಗಿಂತ ಹೆಚ್ಚು, ತಾನು ಬೇಕಾದವನಾದೆ ಎಂದು ತಿಳಿದು ಕಳೆದ ತಿಂಗಳುಗಳೆಲ್ಲ ಸುಳ್ಳಾದವಲ್ಲ ಎಂಬ ದುಃಖ.

ಇವತ್ತು ಅಗಸಿ ಓಣಿಯ ಪಾಳಿ. ಅದರಲ್ಲಿ ಮೊದಲನೆಯವಳು ಮಲ್ಲಕ್ಕ.

ಒಂದು ಶಕ್ತಿ ಗುಳಿಗೆ ಕೊಟ್ಟು ಕಳಿಸಿ, ನಾಳೆಯಿಂದ ಬಸ್ಸಿಗೆ ಬಂದರಾಯಿತು ಎಂದು ಏಕನಾಥರು ನಿಶ್ಚಯಿಸಿಕೊಂಡರು. ಅವಳನ್ನು ಏಳು ಅನ್ನಬೇಕು, ಅಷ್ಟರಲ್ಲಿ ಅವಳ ಎಡಗಾಲಿನ ಅಡಿ ಕಣ್ಣಿಗೆ ಬಿತ್ತು. ಹೆಬ್ಬೆರಳಿನ ಬುಡದಲ್ಲಿ ಮುರಿದ ಜಾಲಿಮುಳ್ಳು, ಸುತ್ತಲೂ ಕಪ್ಪಾದ ಚರ್ಮ, ಒಳಗೆ ಕೀವು. ಹತ್ತಿ ಬಿಡಿಸಲು ಹೋದಾಗ ಚುಚ್ಚಿರಬೇಕು ಅಂದಳು, ಅದು ಯಾವಾಗ ಎಂಬುದು ಅವಳಿಗೇ ತಿಳಿಯದು. ಡಾಕ್ಟರರು ಗಾಯದ ಬದಿಯನ್ನು ಬಿಗಿಯಾಗಿ ಒತ್ತಿದರು. ಇಂಥಲ್ಲಿ ಒತ್ತಿದರೆ ಗಟ್ಟಿಮುಟ್ಟಾದ ಗಂಡಸು ಕೂಡ ತಪಾಸಣೆಯ ಮೇಜು ಬಿಟ್ಟು ಎದ್ದು ಕೂಡಬೇಕು. ಕಾಲು ಅಲುಗಲಿಲ್ಲ. ನೋಯುತ್ತದೆಯೇ ಎಂದು ಕೇಳಿದರೆ ಬಾಯಿ ಮಾತ್ರ "ಹೂಂರಿ" ಅಂದಿತು.

ಡಾಕ್ಟರರು ಖಾನೆ ತೆರೆದು ಆ ನೈಲಾನ್ ಎಳೆ ಹೊರತೆಗೆದರು. ಕಣ್ಣು ಮುಚ್ಚಿಕೊ, ಮುಟ್ಟಿದ್ದು ತಿಳಿದರೆ ಹೂಂ ಅನ್ನು ಎಂದು ಹೇಳಿಕೊಟ್ಟು ಅಂಗಾಲಿಗೆ ಒತ್ತಿದರು. ಹೂಂ. ಹಿಮ್ಮಡಕ್ಕೆ ಒತ್ತಿದರು. ಹೂಂ. ಆಮೇಲೆ ಎಳೆಯನ್ನು ಗಾಳಿಯಲ್ಲಿಯೇ ಹಿಡಿದುಕೊಂಡು ಸುಮ್ಮನೆ ಕೇಳಿದರು.

"ಈಗ ಗೊತ್ತಾತೇನು?"

"ಹೂಂರಿ, ಗೊತ್ತಾತ್ರಿ."

"ಮಲ್ಲಕ್ಕ, ನಾ ಇನ್ನೂ ಮುಟ್ಟೇ ಇಲ್ಲವಾ."

ಅವಳು ಕಣ್ಣು ಬಿಟ್ಟಳು. ಮುಖ ಸಣ್ಣದಾಯಿತು. ಏಕನಾಥರು ಹೊಟ್ಟೆಯಲ್ಲಿದ್ದುದನ್ನೆಲ್ಲ ಆಡಿಬಿಟ್ಟರು. ಪಾಳಿ ಗೊತ್ತಾಗಿದೆ, ಹೊಟ್ಟೆನೋವು ಇಲ್ಲದ್ದೂ ಗೊತ್ತಿದೆ, ಕಾರು ಮನೆಯಲ್ಲೇ ಇದೆ, ಇನ್ನು ಮುಂದೆ ಖರೆ ಮಾತು ಬೇಕು ಎಂದರು. ಮಲ್ಲಕ್ಕ ಸೆರಗು ಸರಿಮಾಡಿಕೊಳ್ಳುತ್ತ, ತನ್ನ ಗಂಡ ಹೊಳೆಪ್ಪನಿಗೆ ಹಾವು ಕಡಿದಾಗ ಟ್ರ್ಯಾಕ್ಟರಿನಲ್ಲಿ ಹುಬ್ಬಳ್ಳಿಯ ತನಕ ಅವನ ನಾಡಿ ಹಿಡಿದು ಕೂತವರು ಯಾರು, ಅಂಥವರು ಸೈಕಲ್ ತುಳಿಯುವುದನ್ನು ನೋಡಿ ಸುಮ್ಮನಿರುವುದು ಹೇಗೆ ಎಂದು ನೆಲ ನೋಡುತ್ತ ಹೇಳಿದಳು. ಡಾಕ್ಟರರು ಅವಳ ಬೆರಳು ಚುಚ್ಚಿದರು. ಸಕ್ಕರೆ ಮುನ್ನೂರರ ಮೇಲಿತ್ತು. ಜಡ್ಡು ಕಾಲಿನ ನರ ತಿಂದಿದೆ, ಇವತ್ತೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಪಾದ ಉಳಿಯುವುದಿಲ್ಲ ಎಂದು ಮರೆಮಾಚದೆ ತಿಳಿಸಿದರು.

ಮಲ್ಲಕ್ಕ ಅವರನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು.

"ಡಾಕ್ಟರ್ರ, ಹೊಟ್ಟಿನೋವು ನಾ ಹೇಳಿದ ಸುಳ್ಳು. ಕಾಲಿಂದು ನೀವು ಹೇಳೂ ಸುಳ್ಳೇನ್ರಿ? ನಿಮ್ಮ ಅಡಚಣಿಗೆ ಆಗ್ಲಿ ಅಂತ ಬಂದ್ರ, ಇಲ್ಲದ ಜಡ್ಡು ಹಚ್ಚಬ್ಯಾಡ್ರಿ."

ಮೂವತ್ತು ವರ್ಷದಲ್ಲಿ ಅವರಿಗೆ ಯಾರೂ ಇಂಥ ಮಾತು ಆಡಿರಲಿಲ್ಲ. ಕಿವಿ ಬಿಸಿಯಾದವು. ಹಾಗಿದ್ದರೆ ಬಸ್‌ಸ್ಟ್ಯಾಂಡಿನ ಡಾಕ್ಟರನಿಗೆ ತೋರಿಸು, ಅವನೂ ಇದನ್ನೇ ಹೇಳುತ್ತಾನೆ ಎಂದು ಗದರಿದರು. ಆ ಮಾತು ಬಾಯಿಂದ ಬರುವಾಗ ಅವರಿಗೆ ಎಷ್ಟು ಕಷ್ಟವಾಯಿತೋ ಅವರಿಗೇ ಗೊತ್ತು. ಏನೂ ಆಗದವಳು ಅಲ್ಲಿಗೇಕೆ ಹೋಗಲಿ ಎಂಬುದು ಅವಳ ಪ್ರಶ್ನೆ. ಇಲ್ಲಿಗಾದರೂ ಬಂದದ್ದು ಪಾಳಿ ಇತ್ತು ಎಂದು. ಅವಳು ಇಳಿದು ಚಪ್ಪಲಿ ಮೆಟ್ಟಿಕೊಂಡಳು. ಮುಳ್ಳಿದ್ದ ಕಾಲನ್ನೇ ಗಟ್ಟಿಯಾಗಿ ಊರಿ ನಡೆದಳು.

"ನೋಯೂದ ಇಲ್ಲಂದ್ರ ಜಡ್ಡು ಎಲ್ಲಿಂದ ಬಂತರಿ?"

"ನೋಯೂದಿಲ್ಲ ಅನ್ನೂದ ಜಡ್ಡು, ಮಲ್ಲಕ್ಕ."

ಅವಳ ಕೈ ಆಗಲೇ ಪರದೆಯ ಮೇಲಿತ್ತು. ಪರದೆಯ ಆಚೆ ಬಾಕಿನ ಮೇಲೆ ಅಗಸಿ ಓಣಿಗೆ ಓಣಿಯೇ ಕೂತಿತ್ತು. ತಮ್ಮ ಸಕ್ಕರೆಯ ಮಾತು ಈಗ ಹೇಳಿದರೆ ಸಂಜೆಯೊಳಗೆ ಸಂಶಿಗೆಲ್ಲ ಗೊತ್ತಾಗುತ್ತದೆ, ಹೇಳದಿದ್ದರೆ ಈ ಕಾಲು ಹೋಗುತ್ತದೆ. ಏಕನಾಥರು ಕುರ್ಚಿಯಲ್ಲಿ ಕೂತು ತಮ್ಮ ಅಂಗಿಯ ತೋಳು ಸರಿಸಿದರು. ಹೊಸ ಸೂಜಿ ಹಾಕಿ ತಮ್ಮ ಬೆರಳನ್ನು ಚುಚ್ಚಿಕೊಂಡರು. ಮಿಷನ್ನನ್ನು ಅವಳ ಕಡೆ ತಿರುಗಿಸಿ ಇಟ್ಟರು.

"ನನಗೂ ಸಕ್ಕರಿ ಜಡ್ಡು ಅದ. ಸೈಕಲ್ಲು ಅದಕ್ಕ."

ಹೊರಗೆ ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು. ಮಲ್ಲಕ್ಕ ಪರದೆ ಬಿಟ್ಟು ಮೇಜಿನ ಹತ್ತಿರ ಬಂದು ಬಗ್ಗಿ ಅಂಕಿ ನೋಡಿದಳು. ಅದು ತನ್ನದಕ್ಕಿಂತ ಕಡಿಮೆ ಇದೆಯೆಂದಳು. ಮೊದಲು ನನ್ನದೂ ನಿನ್ನಷ್ಟೇ ಇತ್ತು, ಗುಳಿಗೆ ನುಂಗಿ ಸೈಕಲ್ ತುಳಿದು ಇಳಿಸಿದ್ದೇನೆ ಎಂದರು ಡಾಕ್ಟರರು.

"ಖರೇನ ಮಾರಿಲ್ಲೇನ್ರಿ ಕಾರು?"

"ಇಲ್ಲವಾ."

ಅವಳು ಮಿಷನ್ನಿನ ಅಂಕಿಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ತಾನಾಗಿ ತಪಾಸಣೆಯ ಮೇಜು ಹತ್ತಿ ಮಲಗಿದಳು. ಕಾಲು ಚಾಚಿ, ಈ ಸಲ ಸುಳ್ಳು ಹೇಳುವುದಿಲ್ಲವೆಂದು ತಿಳಿಸಿ, ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಳು.

ಏಕನಾಥರು ಎಳೆಯನ್ನು ಹೆಬ್ಬೆರಳಿನ ತುದಿಗೆ ಒತ್ತಿದರು. ಅವಳು ಹೂಂ ಅನ್ನಲಿಲ್ಲ. ಕಿರುಬೆರಳಿನ ಬುಡಕ್ಕೆ ಒತ್ತಿದರು, ಪಾದದ ನಡುವೆ ಒತ್ತಿದರು, ಹಿಮ್ಮಡಕ್ಕೆ ಒತ್ತಿ ಎಳೆ ಬಾಗುವ ತನಕ ಹಿಡಿದರು. ಹೂಂ ಇಲ್ಲ. ಇನ್ನೊಂದು ಕಾಲಿಗೂ ಹೋದರು. ಅವಳ ರೆಪ್ಪೆಗಳು ಕಾದು ಕಾದು ಅದುರುತ್ತಿದ್ದವು.

"ಶುರು ಮಾಡ್ರಿ ಮತ್ತ," ಅಂದಳು ಮಲ್ಲಕ್ಕ.

ಏಕನಾಥರು ಎಳೆಯನ್ನು ಕೆಳಗಿಟ್ಟರು. ಪರೀಕ್ಷೆ ಆಗಲೇ ಮುಗಿಯಿತು ಎಂದರು. ಅವಳು ಎದ್ದು ಕೂತು ತನ್ನ ಎರಡೂ ಪಾದಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡಳು, ಬೇರೆಯವರದೇನೋ ಎಂಬಂತೆ. ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ರಹೀಮಾಬಿ ಬಿಸಿನೀರು ತಂದಳು, ಡಾಕ್ಟರರು ಮುಳ್ಳು ತೆಗೆದು ಕೀವು ತೊಳೆದು ಪಟ್ಟಿ ಕಟ್ಟಿದರು. ಹೊಳೆಪ್ಪನಿಗೆ ಫೋನು ಹೋಯಿತು. ಹುಬ್ಬಳ್ಳಿಯ ಆಸ್ಪತ್ರೆಯ ಡಾಕ್ಟರಿಗೆ ಏಕನಾಥರೇ ಫೋನು ಮಾಡಿ ಎಲ್ಲ ವಿವರಿಸಿದರು. ಆ ಕಡೆಯವರು ಕಾಲು ಪರೀಕ್ಷೆಯ ಬಗ್ಗೆ ಕೇಳಿದ್ದಕ್ಕೆಲ್ಲ ಇವರ ಹತ್ತಿರ ಉತ್ತರವಿತ್ತು.

ಹೊಳೆಪ್ಪ ಬರುವ ತನಕ ಮಲ್ಲಕ್ಕ ಹೊರಗೆ ಬಾಕಿನ ಮೇಲೆ ಕೂತಳು. ಅವಳ ಪಿಸುಮಾತು ಪರದೆ ದಾಟಿ ಒಳಗೆ ಕೇಳಿಸುತ್ತಿತ್ತು. ಡಾಕ್ಟರರಿಗೂ ಸಕ್ಕರೆಯಂತೆ ಎಂಬುದು ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಯಿತು. ಕಾರು ಇದೆಯಂತೆ ಎಂಬುದೂ ಹೋಯಿತು. ಯಾರೋ ಎದ್ದರು, ಚಪ್ಪಲಿಗಳು ಸರಿದಾಡಿದವು. ಹಾಗಾದರೆ ಇನ್ನು ಪಾಳಿಯ ಕಾರಣವೂ ಉಳಿಯಲಿಲ್ಲ, ಡಾಕ್ಟರನ ಹೆಸರೂ ಉಳಿಯಲಿಲ್ಲ. ಏಕನಾಥರು ಮೇಜು ಒರೆಸಿದರು. ಒರೆಸಿದ ಮೇಜನ್ನು ಇನ್ನೊಮ್ಮೆ ಒರೆಸಿದರು.

ಪರದೆ ಸರಿಯಿತು. ಗಾದಿ ಅಂಗಡಿಯ ಗುಲಾಮಹುಸೇನ ಒಳಗೆ ಬಂದು ಕುರ್ಚಿಯ ತುದಿಗೆ ಕೂತ. ಹೋದ ವಾರ ಮೊಣಕಾಲು ನೋವೆಂದು ಇಂಜೆಕ್ಷನ್ ಮಾಡಿಸಿಕೊಂಡು ಹೋದವನು. ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಹ್ವಾದ ವಾರದ ಮಣಕಾಲ ನೋವು ಸುಳ್ಳರಿ," ಅಂದ. "ಇವತ್ತ ಎದಿ ಉರಿ ಅಂತ ಹೇಳಬೇಕಂತ ಬಂದಿದ್ದೆ, ಅದೂ ಸುಳ್ಳ. ಖರೇ ಏನೈತಿ ಅನ್ನೂದು ನೀವ ನೋಡಿ ಹೇಳ್ರಿ."

ಅಷ್ಟು ಹೇಳಿ ಅವನು ಕಣ್ಣು ಮುಚ್ಚಿ, ಮುಖ ಆಚೆ ತಿರುಗಿಸಿಕೊಂಡು, ಹತ್ತಿಯ ಎಳೆಗಳು ಅಂಟಿದ್ದ ಕೈಯನ್ನು ಮೇಜಿನ ಮೇಲೆ ಚಾಚಿದ. ಏಕನಾಥರು ಹೊಸ ಸೂಜಿಯ ಪ್ಯಾಕೆಟ್ಟು ಹರಿದರು.