ಇಪ್ಪತ್ತೈದು ಪಾದ

ಓಟದ ಅಂಗಳಗಳಲ್ಲಿ ಅಕ್ಕ ಹೆಸರಾದದ್ದು ಕಾಲಿನಿಂದ ಎಷ್ಟೋ, ಆಕಳಿಕೆಯಿಂದಲೂ ಅಷ್ಟೇ. ಓಟಕ್ಕೆ ಮುಂಚೆ ಎಂಟು ದೇಶಗಳ ಹುಡುಗಿಯರನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಎಲ್ಲರೂ ಮುಖ ಬಿಗಿದುಕೊಂಡು ನೆಲ ನೋಡುತ್ತಿರುವಾಗ ಅಕ್ಕ ಕಾಲು ಚಾಚಿ, ದವಡೆ ಕಳಚುವ ಹಾಗೆ ಒಮ್ಮೆ ಆಕಳಿಸುತ್ತಿದ್ದಳು. ನೂರು ಮೀಟರ್ ಓಡಲು ಬಂದವಳಲ್ಲ, ಬಸ್ಸಿಗೆ ಕಾದು ಬೇಸತ್ತವಳು ಅನ್ನಿಸಬೇಕು. ಆಕಳಿಕೆ ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗ. ಪಕ್ಕದವಳು ಆಕಳಿಸುತ್ತಿದ್ದಳು, ಆಮೇಲೆ ನನಗೇನಾಯಿತು ಎಂದು ಗಾಬರಿಯಾಗುತ್ತಿದ್ದಳು. ಅಕ್ಕ ಎರಡು ಸಲ ಫೈನಲ್ ಮುಟ್ಟಿದ್ದು ಹೀಗೆ ಆಕಳಿಸಿಯೇ ಎಂದು ಆಗದವರು ಆಡಿಕೊಂಡರು. ಅಕ್ಕ ಅಲ್ಲವೆನ್ನಲಿಲ್ಲ. ಗೆದ್ದ ಮೇಲೆ ಹೇಗೆ ಗೆದ್ದರೇನು.

ಆ ದಿನಗಳು ಕಳೆದಿದ್ದವು. ಒಂಟಿಯಾಗಿ ಓಡುವ ಸ್ಪರ್ಧೆಗೆ ಈಗ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಉಳಿದದ್ದು ರಿಲೇಯಲ್ಲಿ ಎರಡನೆಯ ಜಾಗ ಒಂದೇ. ಅದರ ಮೇಲೂ ಬದಲಿ ಹುಡುಗಿಯೊಬ್ಬಳು ಹಾಲಿನ ಪಾತ್ರೆ ಮೇಲೆ ಬೆಕ್ಕು ಕಣ್ಣಿಟ್ಟಂತೆ ಕಣ್ಣಿಟ್ಟಿದ್ದಳು. ಅಕ್ಕನಿಗೆ ಆಸೆಯಿದ್ದದ್ದು ಒಂದೇ: ಈ ಚಾಂಪಿಯನ್‌ಶಿಪ್ ಒಂದು ಓಡಿ, ತಾನಾಗಿ ಬಿಡಬೇಕು, ಬಿಡಿಸಿದರು ಅನ್ನಿಸಿಕೊಳ್ಳಬಾರದು.

ಬಿಡಿಸುವುದಕ್ಕೆ ಕೋಚ್ ಸರ್ ಹತ್ತಿರ ಒಂದು ಲೆಕ್ಕವಿತ್ತು. ರಿಲೇಯಲ್ಲಿ ಬ್ಯಾಟನ್ ತೆಗೆದುಕೊಳ್ಳುವವಳು ತನ್ನ ಹಿಂದೆ ಸ್ವಲ್ಪ ದೂರದಲ್ಲಿ ಟ್ರ್ಯಾಕಿನ ಮೇಲೆ ಒಂದು ಅಂಟುಪಟ್ಟಿ ಹಚ್ಚುತ್ತಾಳೆ. ಬ್ಯಾಟನ್ ತರುವವಳು ಆ ಪಟ್ಟಿ ತುಳಿದಳೋ, ಇವಳು ತಿರುಗಿ ನೋಡದೆ ಓಡಬೇಕು. ತರುವವಳು ವೇಗವಾಗಿದ್ದರೆ ಪಟ್ಟಿ ದೂರ, ನಿಧಾನವಾಗಿದ್ದರೆ ಹತ್ತಿರ. ಆ ದೂರವನ್ನು ತೆಗೆದುಕೊಳ್ಳುವವಳು ಹಿಮ್ಮಡಿಗೆ ಬೆರಳು ತಾಗಿಸಿ, ತನ್ನ ಪಾದಗಳಲ್ಲಿ ಅಳೆಯುತ್ತಾಳೆ. ತರುವವಳು ಅಕ್ಕನಾದರೆ ಇಪ್ಪತ್ತೈದು ಪಾದ. ಅದು ಒಂದು ಪಾದ ಕಡಿಮೆಯಾದರೂ ಬದಲಿ ಹುಡುಗಿ ಓಡುತ್ತಾಳೆ ಎಂದು ಸರ್ ಎಲ್ಲರೆದುರು ಹೇಳಿದ್ದರು. ಪ್ರತಿದಿನ ಅಭ್ಯಾಸ ಮುಗಿದ ಮೇಲೆ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಎಷ್ಟು?"

"ಇಪ್ಪತ್ತೈದೇ ಸರ್," ಎನ್ನುತ್ತಿದ್ದಳು ದೋಣಿ.

ದೋಣಿ ಎಂದರೆ ಮೂರನೆಯವಳು, ಅಕ್ಕನಿಂದ ಬ್ಯಾಟನ್ ತೆಗೆದುಕೊಳ್ಳುವವಳು, ಅಕ್ಕನ ಕೋಣೆಯಲ್ಲೇ ಮಲಗುವವಳು. ಅವಳ ಪಾದದ ಉದ್ದ ನೋಡಿ ಇಟ್ಟ ಹೆಸರದು. ಅವಳ ಬೂಟಿನಲ್ಲಿ ಮೂರು ಜನ ಕೂತು ಹೊಳೆ ದಾಟಬಹುದು ಎಂದು ಮೊದಲು ಹೇಳಿದವಳು ಅಕ್ಕನೇ.

ಇಪ್ಪತ್ತೈದು ಎಂದು ಕೇಳಿದಾಗಲೆಲ್ಲ ಅಕ್ಕ ಒಂದಿಷ್ಟು ಉಬ್ಬುತ್ತಿದ್ದಳು. ಗಡಿಯಾರ ಮಾತ್ರ ಬೇರೆ ಹೇಳುತ್ತಿತ್ತು. ಅದಕ್ಕೆ ಎದುರುಗಾಳಿ, ನಿದ್ದೆಗೇಡು, ದಪ್ಪ ಕಾಲುಚೀಲ ಎಂದು ದಿನಕ್ಕೊಂದು ಕಾರಣ ಕೊಟ್ಟಿದ್ದಳು. ಊಟದ ಮೇಜಿನಲ್ಲಿ ಬದಲಿ ಹುಡುಗಿಯ ತಟ್ಟೆಗೆ ತಾನೇ ಎರಡು ಆಲೂಗಡ್ಡೆ ಹೆಚ್ಚಿಗೆ ಬಡಿಸಿ, ತಿನ್ನು ತಂಗಿ, ನಿನಗೇನು ಓಡೋದಿದೆಯಾ ಎಂದು ಉಪಚಾರ ಮಾಡಿದ್ದೂ ಉಂಟು.

ಫೈನಲ್‌ನ ಹಿಂದಿನ ಮಧ್ಯಾಹ್ನ, ದೋಣಿ ಸ್ನಾನಕ್ಕೆ ಹೋಗಿದ್ದಾಗ, ಅಕ್ಕ ನೀರಿನ ಬಾಟಲಿ ತರಲೆಂದು ಎದ್ದು ಬಾಗಿಲ ಬಳಿಯ ಬೂಟಿಗೆ ಕಾಲು ತೂರಿಸಿದಳು. ಹಿತವಾಗಿ ಕೂತಿತು. ನಾಲ್ಕು ಹೆಜ್ಜೆ ನಡೆದ ಮೇಲೆ ನೋಡಿದರೆ ತನ್ನ ಬೂಟು ಮಂಚದ ಕೆಳಗೇ ಇದೆ. ಇದು ದೋಣಿಯದು. ದೋಣಿಯ ಬೂಟು ತನಗೆ ಸರಿಯಾಗುವುದೆಂದರೇನು? ಬಗ್ಗಿ ನೋಡಿದಳು. ಎಡಗಾಲಿನ ದಾರ ತುಂಡಾಗಿ ಗಂಟು ಹಾಕಿತ್ತು. ಆ ಗಂಟು ಹಾಕಿದವಳು ತಾನೇ. ಸವೆದು ಹೋಯಿತೆಂದು ತಿಂಗಳ ಹಿಂದೆ ಕಸದ ಬುಟ್ಟಿಗೆ ಎಸೆದ ತನ್ನ ಹಳೆಯ ಜೋಡಿ ಅದು.

ದೋಣಿ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅಕ್ಕನ ಕಣ್ಣು ಮೊದಲು ಹೋದದ್ದು ಅವಳ ಕಾಲಿಗೆ. ಹತ್ತು ಬೆರಳಲ್ಲಿ ಏಳಕ್ಕೆ ಗಾಯದ ಪಟ್ಟಿ.

"ಏನೇ ಇದು?"

ದೋಣಿ ಬೂಟು ನೋಡಿದಳು, ಅಕ್ಕನನ್ನು ನೋಡಿದಳು, ಟವೆಲಿನೊಳಗೆ ಮುಖ ಬಚ್ಚಿಟ್ಟುಕೊಂಡಳು. "ನಾನು ಸುಳ್ಳು ಹೇಳಿಲ್ಲ ಅಕ್ಕ. ಎಣಿಸಿದ್ದು ಇಪ್ಪತ್ತೈದೇ. ಯಾರ ಬೂಟಲ್ಲಿ ಅಂತ ಸರ್ ಕೇಳ್ಲಿಲ್ಲ."

"ನಿನ್ನ ಬೂಟಲ್ಲಾದ್ರೆ ಎಷ್ಟು?"

"ಬಿಡಿ ಅಕ್ಕ."

"ಎಷ್ಟು ಅಂದೆ."

"ಇಪ್ಪತ್ತೆರಡು."

ಅಕ್ಕ ಮಂಚದ ತುದಿಯಲ್ಲಿ ಕೂತಳು. ಮೂರು ಪಾದ. ಬದಲಿ ಹುಡುಗಿಗೆ ಬಡಿಸಿದ ಆಲೂಗಡ್ಡೆಗಳೆಲ್ಲ ಒಟ್ಟಿಗೆ ತನ್ನ ಗಂಟಲಿಗೇ ಬಂದು ಕೂತಂತಾಯಿತು. ನನ್ನ ಮೇಲೆ ಕನಿಕರವೇನೇ ಎಂದು ಕೇಳಿದಳು. ದೋಣಿಗೆ ಆ ಪದ ಎಲ್ಲಿಂದ ಬಂತೆಂದೇ ತಿಳಿಯಲಿಲ್ಲ. "ಕನಿಕರ ಯಾಕೆ? ಆ ಬದಲಿ ಹುಡುಗಿ ಬ್ಯಾಟನ್ ಕೊಡೋದಲ್ಲ, ಚುಚ್ಚೋದು. ಮೊಣಕೈಗೆ ಬೀಳುತ್ತೋ ಬೆನ್ನಿಗೆ ಬೀಳುತ್ತೋ ಅಂತ ತಿರುಗಿ ತಿರುಗಿ ನೋಡ್ಬೇಕು. ನೀವಾದ್ರೆ ಕಣ್ಮುಚ್ಕೊಂಡು ಓಡ್ತೀನಿ."

ಅದನ್ನು ಹೊಗಳಿಕೆ ಎನ್ನಬೇಕೋ ಬೇಡವೋ ಎಂದು ಅಕ್ಕ ಯೋಚಿಸಿದಳು. ಸರ್ ಹತ್ತಿರ ಹೋಗಿ ನಿಜ ಹೇಳಿದರೆ ನಾಳೆ ಪ್ರೇಕ್ಷಕರ ಸಾಲಿನಲ್ಲಿ ಕೂರಬೇಕು. ದೋಣಿ ತನ್ನ ಬೂಟಿನಲ್ಲೇ ಇಪ್ಪತ್ತೈದು ಅಳೆದರೆ ಅವಳು ಬೇಗ ಹೊರಡುತ್ತಾಳೆ, ಬ್ಯಾಟನ್ ಕೈಗೆ ಎಟುಕದೆ ಇಡೀ ತಂಡ ಹೊರಬೀಳುತ್ತದೆ. ಬೂಟನ್ನು ಎತ್ತಿ ಬಾಗಿಲ ಬಳಿ, ಇದ್ದ ಹಾಗೆಯೇ ಇಟ್ಟಳು. ಆದರೆ ಇಪ್ಪತ್ತೆರಡು ಎಂಬ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತುತ್ತಲೇ ಇತ್ತು.

ಮರುದಿನ ಓಟಕ್ಕೆ ಮುಂಚೆ ಕೂರಿಸುವ ಕೋಣೆಯಲ್ಲಿ ಅಕ್ಕ ಕಾಲು ಚಾಚಿ ಬಾಯಿ ತೆರೆದಳು. ಆಕಳಿಕೆ ಬರಲಿಲ್ಲ. ಮತ್ತೊಮ್ಮೆ ತೆರೆದರೆ ಬಿಕ್ಕಳಿಕೆ ಬಂತು. ಎದುರಿನ ಬೆಂಚಿನ ಎತ್ತರದ ಓಟಗಾರ್ತಿಯ ತುಟಿಯಂಚಿನಲ್ಲಿ ನಗು ಮೂಡಿತು. ಆಗ ಪಕ್ಕದಲ್ಲಿದ್ದ ದೋಣಿ ಎರಡೂ ಕೈ ಮೇಲೆತ್ತಿ, ಗುಹೆ ತೆರೆದಂತೆ, ಸದ್ದು ಮಾಡಿ ಆಕಳಿಸಿದಳು. ಎತ್ತರದವಳು ನಗುತ್ತಿದ್ದ ಬಾಯಲ್ಲೇ ಆಕಳಿಸಿ ಕಣ್ಣೀರು ಒರೆಸಿಕೊಂಡಳು. ಶಿಷ್ಯೆ ಗುರುವನ್ನು ಮೀರಿಸಿದ್ದಳು. ಅಕ್ಕನಿಗೆ ಅದೂ ಉರಿಯಿತು.

ಟ್ರ್ಯಾಕಿನಲ್ಲಿ ದೋಣಿ ಹಳೆಯ ಬೂಟಿನೊಳಗೆ ಬೆರಳು ಮಡಚಿಕೊಂಡು ಅಳೆದಳು. ಮೆಟ್ಟಿಲ ಸಾಲಿನಿಂದ ಸರ್ ದುರ್ಬೀನು ಹಿಡಿದು, ತುಟಿ ಅಲ್ಲಾಡಿಸುತ್ತ ಎಣಿಸಿದರು. ಇಪ್ಪತ್ತೈದು ಆದಾಗ ತಲೆಯಾಡಿಸಿದರು. ದೋಣಿ ಪಟ್ಟಿ ಹಚ್ಚಿ, ಬೂಟು ಬಿಚ್ಚಿ, ಓಡಲು ತನ್ನ ಮುಳ್ಳಿನ ಬೂಟು ಹಾಕಿಕೊಂಡಳು.

ಪಿಸ್ತೂಲು ಸಿಡಿಯಿತು. ಮೊದಲನೆಯವಳು ಚೆನ್ನಾಗಿಯೇ ತಂದುಕೊಟ್ಟಳು. ಬ್ಯಾಟನ್ ಕೈಗೆ ಬಂದದ್ದೇ ತಡ, ಅಕ್ಕನ ಕಣ್ಣಿಗೆ ದೂರದ ಆ ಬಿಳಿ ಪಟ್ಟಿ ಬಿಟ್ಟು ಬೇರೇನೂ ಕಾಣಲಿಲ್ಲ. ಮೂರು ಪಾದ ಕದ್ದು ಹತ್ತಿರಕ್ಕೆ ಎಳೆದಿಟ್ಟ ಪಟ್ಟಿ. ಪಿಂಚಣಿ ಪಡೆಯಲು ಬಂದ ಅಜ್ಜಿಗೆ ಮೆಟ್ಟಿಲ ಕೆಳಗೇ ಇಳಿದು ಬಂದು ಕೊಟ್ಟಂತೆ. ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿನಲ್ಲಿ ಅವಳು ಓಡಿದ ಓಟ, ಎಷ್ಟೋ ವರ್ಷದ ಹಿಂದೆ ಅವಳ ಕಾಲಿನಲ್ಲೇ ಇದ್ದು, ಯಾವಾಗಲೋ ಹೇಳದೆ ಕೇಳದೆ ಎದ್ದು ಹೋಗಿದ್ದ ಓಟ.

ಅವಳು ಪಟ್ಟಿ ತುಳಿದಳು. ದೋಣಿ ಹೊರಟಳು. ಆದರೆ ಲೆಕ್ಕ ಇಪ್ಪತ್ತೆರಡರ ಅಕ್ಕನಿಗೆ, ಬರುತ್ತಿದ್ದವಳು ಬೇರೆ. ದೋಣಿ ವೇಗ ಹಿಡಿಯುವ ಮೊದಲೇ ಅಕ್ಕ ಅವಳ ಬೆನ್ನ ಮೇಲಿದ್ದಳು. "ಕೈ!" ಎಂದು ಕೂಗುವ ಬದಲು "ಹೋಗೇ!" ಎಂದು ಕೂಗಿಬಿಟ್ಟಳು. ಬ್ಯಾಟನ್ ಹೇಗೋ ಕೈ ಸೇರಿತು. ಅದರ ಜೊತೆಗೆ ಅಕ್ಕನ ಕಾಲು ದೋಣಿಯ ಹಿಮ್ಮಡಿಯನ್ನೂ ತುಳಿಯಿತು. ದೋಣಿ ಒಂದು ಬೂಟು ಹಿಂದೆ ಬಿಟ್ಟು, ಒಂದು ಕಾಲು ಬರಿಗಾಲಾಗಿ, ಬಿಸಿ ಹೆಂಚಿನ ಮೇಲೆ ಕುಣಿದ ಹಾಗೆ ತಿರುವು ದಾಟಿದಳು. ಕೊನೆಯವಳು ಎದೆ ಚಾಚಿ ಗೆರೆ ಮುಟ್ಟಿದಾಗ ತಂಡ ಮೂರನೆಯದು. ಆ ಡಿಕ್ಕಿ ಆಗದಿದ್ದರೆ ಎರಡನೆಯದು ಆಗುತ್ತಿತ್ತೆಂದು ಹೇಳಲು ದುರ್ಬೀನು ಬೇಕಿರಲಿಲ್ಲ.

ಸರ್ ಓಡೋಡಿ ಬಂದರು. ಅಕ್ಕ ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು. ದೋಣಿ ಬರಿಗಾಲನ್ನು ಇನ್ನೊಂದು ಕಾಲಿನ ಹಿಂದೆ ಬಚ್ಚಿಟ್ಟಳು.

"ಇಪ್ಪತ್ತೈದು ಸಾಲ್ಲಿಲ್ಲ," ಎಂದರು ಸರ್. ಅವರ ಕಣ್ಣು ತುಂಬಿತ್ತು. "ನಾನೇ ಎಣಿಸಿದೀನಲ್ಲ. ಇಪ್ಪತ್ತೈದು ಇಟ್ರೂ ಮೇಲೇ ಬಿದ್ಯಲ್ಲಮ್ಮ. ತಪ್ಪು ನಂದು. ಮುಂದಿನ ವರ್ಷಕ್ಕೆ ಇಪ್ಪತ್ತೆಂಟು ಇಡೋಣ. ನೀನು ಬಿಡೋ ಮಾತೇ ಇಲ್ಲ."

ದೋಣಿಗೆ ಕೆಮ್ಮು ಬಂದು ಅವಳು ಬೇರೆ ಕಡೆ ತಿರುಗಿದಳು. ಅಕ್ಕನ ನಾಲಿಗೆಯ ತುದಿಗೆ ಆಗಲಿ ಸರ್ ಎಂಬ ಮಾತು ಬಂದಿತ್ತು. ಇನ್ನೊಂದು ವರ್ಷ. ಹಳೆ ಬೂಟಿನಲ್ಲಿ ಇಪ್ಪತ್ತೆಂಟು ಎಂದರೆ ಎಷ್ಟಾಯಿತು ಎಂದು ಮನಸ್ಸು ಗುಣಿಸಲೂ ಶುರುಮಾಡಿತ್ತು. ಅಷ್ಟರಲ್ಲಿ ಅವಳಿಗೆ ತೊಡೆಯ ಹಿಂದೆ ಒಂದು ನರ ಹಿಡಿದುಕೊಂಡದ್ದು ತಿಳಿಯಿತು. ಅಂಥ ಸಿಟ್ಟು ಮನುಷ್ಯರಿಗೆ ವರ್ಷಕ್ಕೊಮ್ಮೆ ಬರುವಂಥದ್ದಲ್ಲ ಎಂಬುದೂ ತಿಳಿಯಿತು.

"ಬೇಡ ಸರ್," ಎಂದಳು ಬಹಳ ಗಂಭೀರವಾಗಿ. "ವೇಗ ಏರ್ತಿರೋವಾಗ್ಲೇ ನಿಲ್ಲಿಸ್ಬೇಕು ಅಂತ ಮೊದಲಿಂದ ಅಂದ್ಕೊಂಡಿದ್ದೆ."

ಸರ್ ಅಂಥ ದೊಡ್ಡ ಮಾತು ಯಾವ ಓಟಗಾರ್ತಿಯ ಬಾಯಲ್ಲೂ ಕೇಳಿರಲಿಲ್ಲ. ಬದಲಿ ಹುಡುಗಿಯನ್ನು ಕರೆದು, ಇವಳನ್ನು ನೋಡಿ ಕಲಿ ಎಂದರು. ಬದಲಿ ಹುಡುಗಿ ಪಾಪ, ಹೂಂ ಎಂದು ತಲೆಯಾಡಿಸಿದಳು.

ಪದಕ ಕೊರಳಿಗೆ ಬಿದ್ದು ಕೋಣೆಗೆ ಬಂದ ಮೇಲೆ ಅಕ್ಕ ಆ ಹಳೆಯ ಬೂಟನ್ನು ಕಸದ ಬುಟ್ಟಿಗೆ ಎಸೆದಳು. ಒಂದು ಗಳಿಗೆ ಬುಟ್ಟಿಯನ್ನೇ ನೋಡುತ್ತ ನಿಂತು, ಮತ್ತೆ ಎತ್ತಿ, ಧೂಳು ಕೊಡವಿ, ದೋಣಿಯ ಚೀಲದ ತಳಕ್ಕೆ ತುರುಕಿದಳು.

"ಯಾಕಕ್ಕ? ಇನ್ನು ಆ ಬದಲಿ ಹುಡುಗಿ ತಾನೇ ಓಡೋದು."

"ಅವಳಿಗೂ ವಯಸ್ಸಾಗುತ್ತೆ. ಇಟ್ಕೊಂಡಿರು."

ದೋಣಿ ಮಂಚದ ಮೇಲೆ ಬಿದ್ದುಕೊಂಡು, ಗಾಯದ ಬೆರಳುಗಳನ್ನು ಗಾಳಿಗೆ ಹರಡಿ, ಅಷ್ಟೊತ್ತಿಗೆ ನನಗೂ ವಯಸ್ಸಾಗಿರುತ್ತಲ್ಲ ಎಂದಳು. ಅಕ್ಕ ಉತ್ತರ ಕೊಡಬೇಕೆಂದು ಬಾಯಿ ತೆರೆದಳು. ಬೆಳಿಗ್ಗೆಯಿಂದ ಕಾದು ಕೂತಿದ್ದ ಆಕಳಿಕೆ ಆಗ ಬಂತು.